ನಷ್ಟ ಕಡಿಮೆಯ ಪಾಲಿಮರ್ ಹಾಳೆ: ದ್ರಾವಣದಿಂದ ತಾಮ್ರದ ಗೆರೆಯವರೆಗೆ

ಗುರಿ ಇಷ್ಟು: ವೇಗದ ಸಂಕೇತ ಸಾಗಿಸುವ ಸರ್ಕ್ಯೂಟ್ ಹಲಗೆಗಾಗಿ ಸುಮಾರು 0.3 ಮಿ.ಮೀ. ದಪ್ಪದ ಪಾಲಿಮರ್ ಹಾಳೆಯೊಂದನ್ನು ಕೈಯಾರೆ ತಯಾರಿಸಬೇಕು. 5 ಗಿಗಾಹರ್ಟ್ಸ್‌ನಲ್ಲಿ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ) 2.5ರ ಆಸುಪಾಸಿನಲ್ಲಿರಬೇಕು, ನಷ್ಟಾಂಕ (ಸಂಕೇತದ ಶಕ್ತಿಯನ್ನು ವಸ್ತು ಎಷ್ಟು ಬಿಸಿಯಾಗಿ ಕಳೆಯುತ್ತದೆ ಎಂಬ ಅಂಕಿ) 0.002ಕ್ಕಿಂತ ಕೆಳಗಿರಬೇಕು. ಬೆಸುಗೆಯ 260 ಡಿಗ್ರಿ ಬಿಸಿಗೆ ಅದು ಕರಗಿ ಹರಿಯಬಾರದು. ಕೊನೆಗೆ ಅದಕ್ಕೆ ತಾಮ್ರ ಅಂಟಿಸಿ, ಗೆರೆ ಕೊರೆದು, ಸಂಕೇತ ಹರಿಸಿ ನೋಡಬೇಕು. ಈ ಕೆಲಸದಲ್ಲಿ ಸ್ಥಿರಾಂಕವನ್ನು ಇಳಿಸುವುದು ಅಷ್ಟೇನೂ ಕಷ್ಟವಲ್ಲ, ನಷ್ಟವನ್ನು ಇಳಿಸುವುದು ಕಷ್ಟ. ಯಾವ ಪಾಲಿಮರ್ ಆರಿಸಿಕೊಂಡೆವು ಎಂಬುದು ಅರ್ಧ ಮಾತು ಮಾತ್ರ. ಹಾಳೆಯೊಳಗೆ ಬೇಡದ್ದು ಏನೇನು ಉಳಿದುಕೊಂಡಿದೆ ಎಂಬುದು ಉಳಿದರ್ಧ, ಮತ್ತು ಬಹುಪಾಲು ಶ್ರಮ ಹಿಡಿಯುವುದು ಅದೇ.

ಎರಡೂ ಅಂಕಿಗಳ ಪರಿಣಾಮ ಬೇರೆ ಬೇರೆ. ಸ್ಥಿರಾಂಕದ ವರ್ಗಮೂಲಕ್ಕೆ ತಕ್ಕಂತೆ ಸಂಕೇತದ ವೇಗ ತಗ್ಗುತ್ತದೆ. ಸ್ಥಿರಾಂಕ 4.3 ಇರುವ, ಗಾಜುನೂಲು ಮತ್ತು ಎಪಾಕ್ಸಿಯ ಸಾಮಾನ್ಯ ಸರ್ಕ್ಯೂಟ್ ಹಲಗೆಯಾದ ಎಫ್ಆರ್-4 ಒಳಗೆ ಒಂದು ಸೆಂಟಿಮೀಟರ್ ದಾಟಲು ಸಂಕೇತಕ್ಕೆ 69 ಪಿಕೊಸೆಕೆಂಡ್ ಬೇಕು, ಸ್ಥಿರಾಂಕ 2.5 ಇದ್ದರೆ 53 ಸಾಕು. ನಷ್ಟದ ಲೆಕ್ಕ ಇನ್ನೂ ಕಟು. ಪ್ರತಿ ಸೆಂಟಿಮೀಟರ್‌ಗೆ ಎಷ್ಟು ಡೆಸಿಬಲ್ ಎಂದು ತಿಳಿಯಲು 0.91ನ್ನು ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ, ನಷ್ಟಾಂಕದಿಂದ, ಸ್ಥಿರಾಂಕದ ವರ್ಗಮೂಲದಿಂದ ಗುಣಿಸಬೇಕು. ಕಂಪ್ಯೂಟರಿನ ಭಾಗಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ಐದನೇ ಪೀಳಿಗೆಯಲ್ಲಿ ಲೆಕ್ಕಕ್ಕೆ ಬರುವ ಆವರ್ತನ 16 ಗಿಗಾಹರ್ಟ್ಸ್. ನಷ್ಟಾಂಕ 0.02 ಇರುವ ಎಫ್ಆರ್-4 ಒಳಗಿನ 30 ಸೆಂ.ಮೀ. ಗೆರೆಯಲ್ಲಿ, ತಾಮ್ರದ ಪಾಲನ್ನು ಬಿಟ್ಟು, ಪಾಲಿಮರ್ ಒಂದೇ 18 ಡೆಸಿಬಲ್ ನುಂಗುತ್ತದೆ. ಅಂದರೆ ಸಂಕೇತದ ಎತ್ತರ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನನ್ನ ಗುರಿಯ ಹಾಳೆ ಕೈಗೂಡಿದರೆ ಅದೇ ಉದ್ದಕ್ಕೆ ಹೋಗುವುದು ಒಂದೂವರೆ ಡೆಸಿಬಲ್‌ಗಿಂತ ಕಡಿಮೆ.

ಪಿಟಿಎಫ್ಇ, ಅಂದರೆ ಟೆಫ್ಲಾನ್, ಏಕೆ ಬೇಡ ಎಂಬ ಪ್ರಶ್ನೆ ಸಹಜ. 1938ರಲ್ಲಿ ರಾಯ್ ಪ್ಲಂಕೆಟ್ ಕೈಗೆ ಸಿಕ್ಕ ಆ ವಸ್ತು ಇಂದಿಗೂ ಈ ವಿಷಯದಲ್ಲಿ ಮೊದಲ ಸಾಲಿನಲ್ಲಿದೆ: ಸ್ಥಿರಾಂಕ 2.1, ನಷ್ಟಾಂಕ 0.0003ರ ಸುತ್ತಮುತ್ತ. ಆದರೆ ಅದು ಮೆತ್ತಗಿನ ವಸ್ತು. ತಾಮ್ರಕ್ಕಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, 327 ಡಿಗ್ರಿ ದಾಟದೆ ಕೂಡಿಕೊಳ್ಳುವುದಿಲ್ಲ, ತನ್ನ ಮೇಲೆ ಏನನ್ನೂ ಅಂಟಗೊಡುವುದಿಲ್ಲ. ಸಾಧಾರಣ ಬಿಸಿ ಪ್ರೆಸ್‌ನಲ್ಲಿ ಮಾಡುವ ಕೆಲಸಕ್ಕೆ ಹೈಡ್ರೋಕಾರ್ಬನ್ ಥರ್ಮೋಸೆಟ್ (ಬಿಸಿಯಲ್ಲಿ ಒಮ್ಮೆ ಹೆಣೆದುಕೊಂಡ ಮೇಲೆ ಮತ್ತೆ ಕರಗದ ಪಾಲಿಮರ್) ಒಗ್ಗುತ್ತದೆ. ಹಾಗಾಗಿ ಪಾಲಿಫಿನಿಲೀನ್ ಈಥರ್, ಅಂದರೆ ಪಿಪಿಇ, ನನ್ನ ಆಯ್ಕೆ.

ಮೊದಲು ಅಳೆಯುವ ಸಾಧನ

ಹಾಳೆಗಿಂತ ಮೊದಲು ಅಳತೆಯ ಪೆಟ್ಟಿಗೆ ಸಿದ್ಧವಾಗಬೇಕು. ನಷ್ಟಾಂಕ ಅಳೆಯಲಾಗದವರು ನಷ್ಟ ಕಡಿಮೆಯ ವಸ್ತು ಮಾಡಲಾರರು. ಕಣ್ಣಿಗೆ ಒಳ್ಳೆಯ ಹಾಳೆಯೂ ಕೆಟ್ಟ ಹಾಳೆಯೂ ಒಂದೇ ತೆರನಾದ ಕಂದು ಹಳದಿ ಪಟ್ಟಿ.

ನನ್ನ ವೆಕ್ಟರ್ ನೆಟ್‌ವರ್ಕ್ ಅನಲೈಸರ್ (ಬೇರೆ ಬೇರೆ ಆವರ್ತನದ ಸಂಕೇತ ಕಳಿಸಿ ಎಷ್ಟು ದಾಟಿ ಬರುತ್ತದೆ ಎಂದು ಅಳೆಯುವ ಯಂತ್ರ) 6 ಗಿಗಾಹರ್ಟ್ಸ್‌ವರೆಗೆ ಮಾತ್ರ ಹೋಗುತ್ತದೆ. ಆದ್ದರಿಂದ 5 ಗಿಗಾಹರ್ಟ್ಸ್‌ನಲ್ಲಿ ಅನುರಣಿಸುವ ಉರುಳೆಯಾಕಾರದ ಕುಹರ ಮಾಡಿಕೊಂಡೆ. ಅಲ್ಯೂಮಿನಿಯಂ ದಿಮ್ಮಿಯೊಳಗೆ 46 ಮಿ.ಮೀ. ವ್ಯಾಸದ, 20 ಮಿ.ಮೀ. ಎತ್ತರದ ಟೊಳ್ಳು, ಮೇಲೆ ಕೆಳಗೆ ಮುಚ್ಚಳ. ಟಿಎಂ010 ಎಂಬ ಬಗೆಯ ಅನುರಣನಕ್ಕೆ ಆವರ್ತನ ವ್ಯಾಸವೊಂದನ್ನೇ ಅವಲಂಬಿಸಿರುತ್ತದೆ, ಎತ್ತರದ ಹಂಗಿಲ್ಲ. ವಿದ್ಯುತ್ ಕ್ಷೇತ್ರ ನಡು ಅಕ್ಷದ ಉದ್ದಕ್ಕೂ ನೇರವಾಗಿ ನಿಲ್ಲುತ್ತದೆ, ಅಲ್ಲೇ ಅದರ ಬಲವೂ ಹೆಚ್ಚು. ಮುಚ್ಚಳಗಳ ನಡುವಿನಲ್ಲಿ 5 ಮಿ.ಮೀ. ತೂತು ಕೊರೆದು ಮಾದರಿಯನ್ನು ಆ ಅಕ್ಷದಲ್ಲೇ ಇಳಿಬಿಡುತ್ತೇನೆ.

ಇಲ್ಲಿ ಎಚ್ಚರ ಬೇಕಾದ ಜಾಗ ಮುಚ್ಚಳ ಮತ್ತು ಗೋಡೆ ಸೇರುವ ಮೂಲೆ. ಈ ಅನುರಣನದಲ್ಲಿ ಗೋಡೆಯ ವಿದ್ಯುತ್ ಪ್ರವಾಹ ಮೇಲಿನಿಂದ ಕೆಳಕ್ಕೆ ಹರಿದು, ಮೂಲೆಯನ್ನು ದಾಟಿ ಮುಚ್ಚಳದ ಮೇಲೆ ನಡುವಿನ ಕಡೆಗೆ ಹೋಗುತ್ತದೆ. ಕೂಡುಜಾಗದಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ ಕ್ಯೂ ಅಂಕಿ, ಅಂದರೆ ಅನುರಣನದ ಶಿಖರ ಎಷ್ಟು ಚೂಪು ಎಂಬ ಅಳತೆ, ಕುಸಿಯುತ್ತದೆ. ಹಾಗಾಗಿ ಮುಚ್ಚಳದ ಒಳಮೈ ಇಡೀ ಒತ್ತುವಂತೆ ಬಿಡದೆ, ಟೊಳ್ಳಿನ ಅಂಚಿನ ಸುತ್ತ ಕಿರಿದಾದ ಏಣು ಮಾತ್ರ ಉಳಿಯುವಂತೆ ಲೇತಿನಲ್ಲಿ ಸವರಿದೆ. ಬೋಲ್ಟ್‌ಗಳ ಒತ್ತಡವೆಲ್ಲ ಆ ಏಣಿನ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂನ ವಾಹಕತೆಯಿಂದ ಲೆಕ್ಕ ಹಾಕಿದರೆ ಕ್ಯೂ 9,000 ಬರಬೇಕು. ನನಗೆ 5,000ಕ್ಕೆ ಸ್ವಲ್ಪ ಮೇಲೆ ಸಿಕ್ಕಿತು. ತೂತು, ಕೂಡುಜಾಗ, ಮೈಯ ಒರಟುತನ ಎಲ್ಲ ಸೇರಿ ಅಷ್ಟು ಕಳೆಯುವುದು ಸಹಜ, ಈ ಕೆಲಸಕ್ಕೆ ಅಷ್ಟು ಸಾಕು ಕೂಡ. ಒಳಗೆ ಚಾಚಿದ ತಂತಿಯ ಕೊನೆಗಳನ್ನು ಹಿಂದಕ್ಕೆಳೆದು, ಅನುರಣನದ ಶಿಖರ ಮೈನಸ್ 40 ಡೆಸಿಬಲ್ ಹತ್ತಿರ ಬರುವಷ್ಟು ದುರ್ಬಲ ಜೋಡಣೆ ಇಟ್ಟುಕೊಂಡೆ. ಆಗ ಪರದೆಯ ಮೇಲೆ ಕಾಣುವ ಕ್ಯೂಗೂ ಕುಹರದ ನಿಜವಾದ ಕ್ಯೂಗೂ ಶೇಕಡಾ ಒಂದರಷ್ಟೇ ಅಂತರ.

ಮಾದರಿ ಇಳಿಬಿಟ್ಟಾಗ ಎರಡು ಬದಲಾವಣೆ ಕಾಣುತ್ತವೆ. ಶಿಖರ ಕೆಳ ಆವರ್ತನಕ್ಕೆ ಸರಿಯುತ್ತದೆ, ಅದರಿಂದ ಸ್ಥಿರಾಂಕ ಸಿಗುತ್ತದೆ. ಶಿಖರ ಅಗಲವಾಗುತ್ತದೆ, ಅದರಿಂದ ನಷ್ಟಾಂಕ. ಸ್ಥಿರಾಂಕದಲ್ಲಿ ಒಂದನ್ನು ಕಳೆದು, 1.855ರಿಂದಲೂ ಮಾದರಿಯ ಘನ ಅಳತೆಗೂ ಕುಹರದ ಘನ ಅಳತೆಗೂ ಇರುವ ಅನುಪಾತದಿಂದಲೂ ಗುಣಿಸಿದರೆ ಆವರ್ತನ ಎಷ್ಟು ಪಾಲು ಜಾರುತ್ತದೆ ಎಂಬ ಅಂಕಿ ಬರುತ್ತದೆ. ಈಗ 3 ಮಿ.ಮೀ. ಅಗಲ, 0.2 ಮಿ.ಮೀ. ದಪ್ಪದ ಒಂದೇ ಪಟ್ಟಿ ತೂಗುಬಿಟ್ಟರೆ ಏನಾಗುತ್ತದೆ ನೋಡಿ. ಸ್ಥಿರಾಂಕ 2.5 ಇದ್ದರೆ ಶಿಖರ 5 ಮೆಗಾಹರ್ಟ್ಸ್ ಜಾರುತ್ತದೆ, ಆರಾಮವಾಗಿ ಓದಬಹುದು. ಆದರೆ ನಷ್ಟಾಂಕ 0.002 ಇದ್ದರೆ ಕ್ಯೂ 5,000ದಿಂದ 4,840ಕ್ಕೆ ಇಳಿಯುತ್ತದೆ, ಅಷ್ಟೇ. ಕೈಯ ಅಲುಗಾಟಕ್ಕೂ ಕೇಬಲ್‌ನ ಬಾಗುವಿಕೆಗೂ ಬರುವ ಏರಿಳಿತದಲ್ಲಿ ಅದು ಮುಳುಗಿಹೋಗುತ್ತದೆ. ಅಂದರೆ ವಸ್ತು ಉತ್ತಮವಾದಷ್ಟೂ ಅದನ್ನು ಅಳೆಯುವುದು ಕಷ್ಟವಾಗುತ್ತ ಹೋಗುತ್ತದೆ.

ಇದಕ್ಕೆ ಪರಿಹಾರ, ಹಲವು ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ 3 ಮಿ.ಮೀ. ಚೌಕದ ಕಂಬಿ ಮಾಡಿಕೊಳ್ಳುವುದು. ಆಗ ಅದೇ 0.002 ನಷ್ಟಾಂಕಕ್ಕೆ ಕ್ಯೂ 3,300ರ ಹತ್ತಿರಕ್ಕೆ ಬೀಳುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ಪಟ್ಟಿಗಳ ನಡುವಿನ ಗಾಳಿಯ ಸಂದು ಇಲ್ಲಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಕ್ಷೇತ್ರ ಪಟ್ಟಿಯ ಉದ್ದಕ್ಕೆ ಸಮಾನಾಂತರವಾಗಿದೆ. ಪಾಲಿಮರ್‌ನ ನಿಜವಾದ ಅಡ್ಡಕೊಯ್ತ ಎಷ್ಟು ಎಂದು ತಿಳಿದಿದ್ದರೆ ಸಾಕು. ಅದನ್ನು ಕ್ಯಾಲಿಪರ್‌ನಿಂದ ಅಳೆಯದೆ ಕಂಬಿಯನ್ನು ತೂಗಿ, ಸಾಂದ್ರತೆಯಿಂದಲೂ ಉದ್ದದಿಂದಲೂ ಭಾಗಿಸಿ ಪಡೆಯುತ್ತೇನೆ. ತಕ್ಕಡಿ ಕ್ಯಾಲಿಪರ್‌ಗಿಂತ ನಂಬಿಕಸ್ತ. ಇಷ್ಟು ದಪ್ಪದ ಮಾದರಿಗೆ ಸೂತ್ರ ಪೂರ್ತಿ ಕರಾರುವಾಕ್ಕಾಗಿ ಉಳಿಯುವುದಿಲ್ಲವಾದ್ದರಿಂದ, ಅದೇ ಅಳತೆಯ ಪಿಟಿಎಫ್ಇ ಮತ್ತು ಪಾಲಿಸ್ಟೈರೀನ್ ಕಂಬಿಗಳನ್ನು ಪ್ರತಿ ಸಲವೂ ಜೊತೆಗೆ ಅಳೆದು ತಾಳೆ ನೋಡುತ್ತೇನೆ. ಕೋಣೆಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅಲ್ಯೂಮಿನಿಯಂ ಹಿಗ್ಗಿ ಶಿಖರ 115 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಅದಕ್ಕಾಗಿ ಖಾಲಿ ಕುಹರದ ಅಳತೆಯನ್ನು ಮಾದರಿಯ ಹಿಂದೆಯೂ ಮುಂದೆಯೂ ತೆಗೆದುಕೊಳ್ಳುವ ರೂಢಿ ಇಟ್ಟುಕೊಂಡಿದ್ದೇನೆ.

ಬೆರಕೆ ಮತ್ತು ಹಾಳೆ

1956ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಅಲನ್ ಹೇ ಕಂಡುಕೊಂಡ ವಿಧಾನದಿಂದ ಬಂದ ಪಿಪಿಇ, ಬೆಂಜೀನ್ ಉಂಗುರಗಳನ್ನು ಆಮ್ಲಜನಕದ ಸೇತುವೆಗಳಿಂದ ಜೋಡಿಸಿದ ಸರಪಳಿ. ಉದ್ದ ಸರಪಳಿಯ ಪಿಪಿಇ ಬಿಸಿಯಲ್ಲೂ ಗಟ್ಟಿಯಾಗಿಯೇ ನಿಂತು, ಹರಿದು ತಾಮ್ರದ ಸಂದುಗಳನ್ನು ತುಂಬುವುದಿಲ್ಲ. ಸರಪಳಿ ಕತ್ತರಿಸಿ ಗಿಡ್ಡ ಮಾಡಿದರೆ ಹರಿಯುತ್ತದೆ, ಆದರೆ ತುದಿಗಳ ಸಂಖ್ಯೆ ಹೆಚ್ಚುತ್ತದೆ, ಮತ್ತು ಪ್ರತಿ ತುದಿಯಲ್ಲೂ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಕೂತಿರುತ್ತದೆ. ಹೈಡ್ರಾಕ್ಸಿಲ್ ಧ್ರುವೀಯ, ಅಂದರೆ ಅದರ ಒಂದು ತುದಿ ಧನ, ಇನ್ನೊಂದು ಋಣ; ಗಿಗಾಹರ್ಟ್ಸ್ ಕ್ಷೇತ್ರದಲ್ಲಿ ಅತ್ತಿತ್ತ ತಿರುಗಲು ಹೆಣಗಿ ಸಂಕೇತದ ಶಕ್ತಿಯನ್ನು ಬಿಸಿಯಾಗಿಸುತ್ತದೆ, ಸಾಲದ್ದಕ್ಕೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಗಿಡ್ಡ ಸರಪಳಿಯ ಪಿಪಿಇ ಬಳಸುವುದಾದರೆ ತುದಿಗಳಿಗೆ ಟೋಪಿ ತೊಡಿಸಿದ್ದನ್ನೇ ಬಳಸಬೇಕು. ಟೋಪಿಯಲ್ಲಿ ಜೋಡಿಬಂಧ ಇದ್ದರೆ ಮುಂದೆ ಸರಪಳಿಗಳನ್ನು ಒಂದಕ್ಕೊಂದು ಹೆಣೆಯಲು ಅದೇ ಕೊಂಡಿಯಾಗುತ್ತದೆ.

ಮೊದಲ ಬೆರಕೆ ಎಲ್ಲರಿಗೂ ಪರಿಚಿತವಾದದ್ದು: ಮೆಥಾಕ್ರಿಲೇಟ್ ತುದಿಯ ಪಿಪಿಇ 70 ಭಾಗ, ಕೊಂಡಿ ಹಾಕುವ ಟ್ರೈಅಲೈಲ್ ಐಸೊಸಯನ್ಯುರೇಟ್ 30 ಭಾಗ, ಹೆಣಿಗೆಗೆ ಚಾಲನೆ ಕೊಡುವ ಡೈಕ್ಯೂಮೈಲ್ ಪೆರಾಕ್ಸೈಡ್ 1 ಭಾಗ, ಎಲ್ಲವೂ ಟಾಲೀನ್‌ನಲ್ಲಿ. ಎರಡನೆಯದು ವಿನೈಲ್‌ಬೆಂಜೈಲ್ ತುದಿಯ ಪಿಪಿಇ ಮತ್ತು ಜೇನಿನಂತೆ ಮಂದವಾದ 1,2-ಪಾಲಿಬ್ಯುಟಡೈಯೀನ್, ಅದೇ ಪೆರಾಕ್ಸೈಡ್. ಮೊದಲನೆಯದರಲ್ಲಿ ಕೊಂಡಿ ಹಾಕುವ ವಸ್ತುವಿನ ಪ್ರತಿ ಅಣುವಿನಲ್ಲೂ ಇಂಗಾಲ-ಆಮ್ಲಜನಕ ಜೋಡಿಬಂಧದ ಧ್ರುವೀಯ ಗುಂಪುಗಳಾದ ಮೂರು ಕಾರ್ಬೊನಿಲ್‌ಗಳಿವೆ, ಟೋಪಿಯಲ್ಲೂ ಒಂದಿದೆ. ಎರಡನೆಯದರಲ್ಲಿ ಕಾರ್ಬೊನಿಲ್ ಇಲ್ಲವೇ ಇಲ್ಲ. ಹೋಲಿಕೆಗೆಂದೇ ಎರಡನ್ನೂ ಮಾಡಿದೆ.

ಟಾಲೀನ್ ಆವಿ ಕೋಣೆಯ ಉಷ್ಣಾಂಶದಲ್ಲೇ ಹೊತ್ತಿಕೊಳ್ಳಬಲ್ಲದು; ಕರಗಿಸುವುದು, ಎರೆಯುವುದು, ಒಣಗಿಸುವುದು ಎಲ್ಲವೂ ಫ್ಯೂಮ್ ಹುಡ್ ಒಳಗೆ, ಕಿಡಿಯಿಂದ ದೂರ. ಪೆರಾಕ್ಸೈಡನ್ನು ದ್ರಾವಣ ಪೂರ್ತಿ ತಣ್ಣಗಾದ ಮೇಲೆ, ಕೊನೆಯಲ್ಲಿ ಸೇರಿಸಬೇಕು.

ಗಾಜಿನ ಮೇಲೆ ಬ್ಲೇಡ್ ಎಳೆದು ಎರೆದ ಪದರವನ್ನು ಮೊದಲು ಮುಚ್ಚಿಟ್ಟು ನಿಧಾನವಾಗಿ ಆರಲು ಬಿಟ್ಟೆ. ಆಮೇಲೆ 60 ಡಿಗ್ರಿ, ಕೊನೆಗೆ ನಿರ್ವಾತದಲ್ಲಿ 90 ಡಿಗ್ರಿ. ಡೈಕ್ಯೂಮೈಲ್ ಪೆರಾಕ್ಸೈಡ್‌ನ ಅರ್ಧಾಯುಷ್ಯ 10 ಗಂಟೆಗೆ ಇಳಿಯಲು 115 ಡಿಗ್ರಿ ದಾಟಬೇಕಾದ್ದರಿಂದ 90ರಲ್ಲಿ ಅದು ಬಹುತೇಕ ಮಲಗಿಯೇ ಇರುತ್ತದೆ. ಉಳಿದ ಟಾಲೀನ್ ನಷ್ಟಾಂಕಕ್ಕೆ ದೊಡ್ಡ ಶತ್ರುವಲ್ಲ, ಅದರ ಧ್ರುವೀಯತೆ ಅತ್ಯಲ್ಪ. ಆದರೆ ಪ್ರೆಸ್‌ನೊಳಗೆ ಅದು ಗುಳ್ಳೆಯಾಗಿ ಏಳುತ್ತದೆ. ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಮಾತ್ರ ಮುಂದಿನ ಹಂತ.

ಪ್ರೆಸ್‌ನಲ್ಲಿ 0.3 ಮಿ.ಮೀ. ಉಕ್ಕಿನ ಚೌಕಟ್ಟು, ಮೇಲೆ ಕೆಳಗೆ ಪಿಟಿಎಫ್ಇ ಹಾಳೆ, 2 ಮೆಗಾಪ್ಯಾಸ್ಕಲ್ ಒತ್ತಡ, 200 ಡಿಗ್ರಿ. ಪೆರಾಕ್ಸೈಡ್ ಒಡೆದಾಗ ಮೀಥೇನ್ ಕೂಡ ಹುಟ್ಟುತ್ತದೆ. ಬಿಸಿ ಇರುವಾಗಲೇ ಒತ್ತಡ ಬಿಟ್ಟರೆ ಅದು ಹಾಳೆಯನ್ನು ಉಬ್ಬಿಸಿಬಿಡುತ್ತದೆ. ಹಾಗಾಗಿ 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಒತ್ತಡ ಹಾಗೆಯೇ ಇರಲಿ. ಗಾಳಿಯನ್ನೂ ದೂರವಿಡಬೇಕು, ಪಾಲಿಬ್ಯುಟಡೈಯೀನ್ ವಿಷಯದಲ್ಲಂತೂ ಕಟ್ಟುನಿಟ್ಟಾಗಿ. ಬಿಸಿ ಆಮ್ಲಜನಕ ಅದರ ಜೋಡಿಬಂಧಗಳ ಬಳಿ ಸೇರಿ ಹೊಸ ಕಾರ್ಬೊನಿಲ್‌ಗಳನ್ನು ಹುಟ್ಟುಹಾಕುತ್ತದೆ. ನಾವು ಬೇಡವೆಂದು ಬಿಟ್ಟದ್ದು ಹಿಂಬಾಗಿಲಿನಿಂದ ಬಂದಂತಾಗುತ್ತದೆ.

ಅಳತೆಯಲ್ಲಿ ಎರಡೂ ಬೆರಕೆಗಳ ಸ್ಥಿರಾಂಕ ಹೆಚ್ಚು ದೂರವಿರಲಿಲ್ಲ: ಮೊದಲನೆಯದು 2.6ರ ಹತ್ತಿರ, ಎರಡನೆಯದು 2.5ಕ್ಕೆ ತುಸು ಕೆಳಗೆ. ನಷ್ಟಾಂಕ ಮಾತ್ರ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. ಮೊದಲನೆಯದು 0.004ರ ಆಸುಪಾಸು, ಎರಡನೆಯದು 0.0025. ಒಳ್ಳೆಯ ಸುಧಾರಣೆ, ಆದರೂ ಗುರಿ ಇನ್ನೂ ಕೆಳಗಿದೆ. ಕಾರ್ಬೊನಿಲ್ ಇಲ್ಲದ, ಹೈಡ್ರಾಕ್ಸಿಲ್ ಇಲ್ಲದ ಬೆರಕೆಯಲ್ಲಿ ಇಷ್ಟು ನಷ್ಟ ಎಲ್ಲಿಂದ?

ಪೆರಾಕ್ಸೈಡ್ ಬಿಟ್ಟುಹೋದದ್ದು

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ ಇದು. ಪೆರಾಕ್ಸೈಡ್ ಸರಪಳಿಗಳನ್ನು ಹೆಣೆದು ಮಾಯವಾಗುವುದಿಲ್ಲ. ಡೈಕ್ಯೂಮೈಲ್ ಪೆರಾಕ್ಸೈಡ್‌ನ ಒಂದು ಅಣು ನಡುವೆ ಒಡೆದು ಎರಡು ತುಣುಕಾಗುತ್ತದೆ. ಪ್ರತಿ ತುಣುಕೂ ಒಂದೋ ಹೈಡ್ರೋಜನ್ ಕಸಿದುಕೊಂಡು ಕ್ಯೂಮೈಲ್ ಆಲ್ಕೋಹಾಲ್ ಆಗುತ್ತದೆ, ಇಲ್ಲವೇ ಒಂದು ಮೀಥೈಲ್ ಕಳಚಿಕೊಂಡು ಅಸಿಟೊಫಿನೋನ್ ಆಗುತ್ತದೆ. ಒಂದು ಹೈಡ್ರಾಕ್ಸಿಲ್ ಇರುವ ವಸ್ತು, ಇನ್ನೊಂದು ಕಾರ್ಬೊನಿಲ್ ಇರುವ ವಸ್ತು. ಅಸಿಟೊಫಿನೋನ್‌ನ ದ್ವಿಧ್ರುವ ಬಲ (ಅಣು ಎಷ್ಟು ಧ್ರುವೀಯ ಎಂಬ ಅಳತೆ) 3 ಡಿಬೈ, ನೀರಿನದು 1.85 ಮಾತ್ರ. ತುಣುಕುಗಳೆಲ್ಲ ಆ ದಾರಿ ಹಿಡಿದರೆ ಒಂದು ಗ್ರಾಂ ಪೆರಾಕ್ಸೈಡ್‌ನಿಂದ 0.89 ಗ್ರಾಂ ಅಸಿಟೊಫಿನೋನ್ ಹುಟ್ಟುತ್ತದೆ. ನೂರಕ್ಕೆ ಒಂದು ಭಾಗ ಹಾಕಿದ್ದು ಸಣ್ಣ ಅಂಕಿಯಂತೆ ಕಂಡರೂ ಹಾಳೆಯ ತೂಕದ ಶೇಕಡಾ ಒಂದರ ಸಮೀಪದಷ್ಟು, ಯಾವುದಕ್ಕೂ ಅಂಟಿಕೊಳ್ಳದ, ಸ್ವತಂತ್ರವಾಗಿ ತಿರುಗಬಲ್ಲ ಧ್ರುವೀಯ ಅಣುಗಳು ಒಳಗೇ ಉಳಿದವು ಎಂದಾಯಿತು.

ಹೊಸದಾಗಿ ಪ್ರೆಸ್‌ನಿಂದ ತೆಗೆದ ಹಾಳೆಯನ್ನು ಮೂಗಿನ ಹತ್ತಿರ ತಂದರೆ ಹೂವಿನಂಥ, ಸ್ವಲ್ಪ ಕಹಿಬಾದಾಮಿಯ ಛಾಯೆಯ ವಾಸನೆ ಬರುತ್ತದೆ. ಅದು ಅಸಿಟೊಫಿನೋನ್. ಅದರ ಕುದಿಬಿಂದು 202 ಡಿಗ್ರಿಯಾದ್ದರಿಂದ, ಮುಚ್ಚಿದ ಪ್ರೆಸ್‌ನಲ್ಲಿ ಹೊರಹೋಗಲು ದಾರಿಯೇ ಇರುವುದಿಲ್ಲ.

ಹೆಣಿಗೆ ಮುಗಿದ ಹಾಳೆಗಳನ್ನು ಪಟ್ಟಿಗಳಾಗಿ ಕತ್ತರಿಸಿ, ನಿರ್ವಾತದ ಒಲೆಯಲ್ಲಿ ತಂತಿಜಾಲದ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ 180 ಡಿಗ್ರಿಯಲ್ಲಿಟ್ಟೆ. ಆಗಾಗ ಹೊರತೆಗೆದು ತೂಗುತ್ತ, ತೂಕ ನಿಲ್ಲುವ ತನಕ. ಕಳೆದ ತೂಕ ಮೇಲಿನ ಲೆಕ್ಕಕ್ಕೆ ಸಮೀಪವೇ ಇತ್ತು. ಹೊರಹೋಗಲು ಬೇಕಾದ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 3 ಮಿ.ಮೀ. ದಪ್ಪದ ಕಂಬಿಯನ್ನೇ ಒಂದೇ ತುಂಡಾಗಿ ಅಚ್ಚು ಹೊಯ್ದಿದ್ದರೆ 0.3 ಮಿ.ಮೀ. ಪಟ್ಟಿಗಿಂತ ನೂರು ಪಟ್ಟು ಕಾಯಬೇಕಿತ್ತು. ಪಟ್ಟಿಗಳನ್ನು ಪೇರಿಸುವ ಕ್ರಮ ಹೀಗೆ ಇನ್ನೊಂದು ಕಡೆಯೂ ನೆರವಿಗೆ ಬಂತು. ಈ ಬೇಯಿಸುವಿಕೆಯ ನಂತರ ಎರಡನೇ ಬೆರಕೆಯ ನಷ್ಟಾಂಕ 0.0016ಕ್ಕೆ ಇಳಿಯಿತು. ಸ್ಥಿರಾಂಕ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಪಾಲಿಮರ್ ಬದಲಾಗಿಲ್ಲ, ಹೆಣಿಗೆ ಬದಲಾಗಿಲ್ಲ. ಉಳಿದಿದ್ದ ಕಸ ಹೋಯಿತು, ಅಷ್ಟೇ. ಮೊದಲ ಬೆರಕೆಗೂ ಇದೇ ಉಪಚಾರ ಮಾಡಿದೆ. ಅದರ ನಷ್ಟವೂ ತಗ್ಗಿತು, ಆದರೆ 0.003ಕ್ಕಿಂತ ಕೆಳಗೆ ಬರಲಿಲ್ಲ. ಅಲ್ಲಿನ ಕಾರ್ಬೊನಿಲ್‌ಗಳು ಜಾಲದ ಭಾಗವೇ ಆಗಿವೆ, ಬೇಯಿಸಿ ಓಡಿಸಲಾಗದು.

ಟೊಳ್ಳು ಗಾಜಿನ ಗೋಲಿಗಳ ವಿಷಯ

ಸ್ಥಿರಾಂಕವನ್ನು ಇನ್ನೂ ಇಳಿಸಲು ಗಾಳಿ ತುಂಬುವುದು ಸುಲಭ ದಾರಿ ಎಂದು ಹಲವರು ಹೇಳುತ್ತಾರೆ. ಗಾಳಿಯ ಸ್ಥಿರಾಂಕ 1.0006, ಅದಕ್ಕಿಂತ ಕಡಿಮೆಯದು ಸಿಗುವಂತಿಲ್ಲ. ಟೊಳ್ಳು ಗಾಜಿನ ಸೂಕ್ಷ್ಮ ಗೋಲಿಗಳನ್ನು ಘನ ಅಳತೆಯಲ್ಲಿ ಐದರಲ್ಲೊಂದು ಪಾಲು ಬೆರೆಸಿ ನೋಡಿದೆ. ದ್ರಾವಣದಲ್ಲಿ ಅವು ತೇಲಿ ಮೇಲೆ ಬರುತ್ತವೆ. ಒಣಗಿದ ಹಾಳೆಯ ಮೇಲ್ಮೈ ಸುಣ್ಣದಂತೆ ಬೆಳ್ಳಗೆ ಮಂಕಾಗಿ, ಗಾಜಿಗೆ ತಾಗಿದ್ದ ಕೆಳಮೈ ಹೊಳೆಯುತ್ತ ಪಾರಕವಾಗಿ ಇರುವುದನ್ನು ನೋಡಿದರೇ ಗೋಲಿಗಳೆಲ್ಲ ಎಲ್ಲಿ ಸೇರಿವೆ ಎಂದು ತಿಳಿಯುತ್ತದೆ. ಟಾಲೀನ್ ಕಡಿಮೆ ಮಾಡಿ ದ್ರಾವಣವನ್ನು ಮಂದವಾಗಿಸಿದಾಗ ಹಂಚಿಕೆ ಸಮವಾಯಿತು.

ಸ್ಥಿರಾಂಕ 2.25ಕ್ಕೆ ಬಂತು. ನಷ್ಟಾಂಕ ಮಾತ್ರ 0.003 ದಾಟಿತು. ಗೋಲಿಯ ಚಿಪ್ಪು ಸೋಡಿಯಂ ಇರುವ ಗಾಜು. ಅದರ ನಷ್ಟ ನಮ್ಮ ಪಾಲಿಮರ್‌ಗಿಂತ ಬಹಳ ಹೆಚ್ಚು, ಮೇಲಾಗಿ ಅದರ ಮೈ ತೇವ ಹೀರುತ್ತದೆ. ಒಳಗಿನ ಗಾಳಿ ಒಂದು ಅಂಕಿಯನ್ನು ಸುಧಾರಿಸಿದರೆ ಹೊರಗಿನ ಚಿಪ್ಪು ಇನ್ನೊಂದನ್ನು ಕೆಡಿಸುತ್ತದೆ. ಆಂಟೆನಾದ ಹೊದಿಕೆಗೋ ಇನ್ನಾವುದಕ್ಕೋ ಇದು ಸರಿಹೊಂದಬಹುದು. ಉದ್ದನೆಯ ಗೆರೆಗೆ ನಾನು ಬಳಸುವುದಿಲ್ಲ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ತಾಮ್ರ

ತಾಮ್ರಕ್ಕೆ ಅಂಟಿಸುವಾಗ ಹೊಸ ಇಕ್ಕಟ್ಟು. ಸಾಮಾನ್ಯ ತಾಮ್ರದ ಹಾಳೆಯ ಅಂಟುವ ಮೈಯಲ್ಲಿ ಹಲವು ಮೈಕ್ರಾನ್ ಎತ್ತರದ ಹಲ್ಲುಗಳಿರುತ್ತವೆ, ಅವು ಪಾಲಿಮರ್ ಒಳಗೆ ಕಚ್ಚಿ ಹಿಡಿಯುತ್ತವೆ. ಆದರೆ 5 ಗಿಗಾಹರ್ಟ್ಸ್‌ನಲ್ಲಿ ಪ್ರವಾಹ ಹರಿಯುವುದು ತಾಮ್ರದ ಮೈಯಿಂದ 0.93 ಮೈಕ್ರಾನ್ ಆಳದಲ್ಲಿ ಮಾತ್ರ. ಆ ಹಲ್ಲುಗಳೆಲ್ಲವನ್ನೂ ಅದು ಹತ್ತಿ ಇಳಿಯಬೇಕಾಗುತ್ತದೆ. ನುಣುಪು ತಾಮ್ರ ಹಾಕಿದರೆ ಸಂಕೇತಕ್ಕೆ ಸುಖ, ಆದರೆ ಧ್ರುವೀಯ ಗುಂಪುಗಳೇ ಇಲ್ಲದ ನಮ್ಮ ಪಾಲಿಮರ್ ಅದನ್ನು ಹಿಡಿದುಕೊಳ್ಳುವುದಿಲ್ಲ. ಅಂಚಿಗೆ ಉಗುರು ಹಾಕಿದರೆ ಸುಲಿದು ಬರುತ್ತದೆ. ನಷ್ಟ ತಗ್ಗಿಸಲು ಯಾವುದನ್ನು ಓಡಿಸಿದೆವೋ ಅಂಟಿಗೆ ಅದೇ ಬೇಕಾಗಿತ್ತು. ವಿನೈಲ್ ಸಿಲೇನ್ ಲೇಪಿಸಿದ ನುಣುಪು ತಾಮ್ರ ಬಳಸಿದಾಗ ಹಿಡಿತ ಒಪ್ಪುವ ಮಟ್ಟಕ್ಕೆ ಬಂತು. ಸಿಲೇನ್‌ನ ಒಂದು ತುದಿ ತಾಮ್ರದ ಮೈಗೆ ಕಟ್ಟಿಕೊಂಡರೆ, ವಿನೈಲ್ ತುದಿ ಪಾಲಿಮರ್ ಹೆಣಿಗೆಯಲ್ಲಿ ಸೇರಿಕೊಳ್ಳುತ್ತದೆ. ಅಣುವಿನಷ್ಟು ತೆಳುವಾದ ಪದರದ ಧ್ರುವೀಯತೆ ಅಳತೆಗೆ ಸಿಗುವಂಥದ್ದಲ್ಲ.

ತಾಮ್ರ ಕೂತಮೇಲೆ ಆವಿಗೆ ಹೊರದಾರಿ ಅಂಚುಗಳಲ್ಲಿ ಮಾತ್ರ. ಅದಕ್ಕೆ ಕ್ರಮವನ್ನು ಬದಲಿಸಿದೆ: ಒಂದೇ ಕಡೆ ತಾಮ್ರ ಹಾಕಿ ಒತ್ತಿ, ತೆರೆದ ಕಡೆಯಿಂದ ನಿರ್ವಾತದಲ್ಲಿ ಬೇಯಿಸಿ, ಅಂಥ ಎರಡು ತೆಳು ಹಾಳೆಗಳನ್ನು ನಡುವೆ ಹೆಣಿಗೆಯಾಗದ ತೀರ ತೆಳು ಪದರವಿಟ್ಟು ಕೂಡಿಸಿದೆ. ಕಸ ಉಳಿಯುವುದು ಆ ನಡುಪದರದಲ್ಲಿ ಮಾತ್ರ.

0.3 ಮಿ.ಮೀ. ದಪ್ಪಕ್ಕೆ 50 ಓಮ್ ಗೆರೆಯ ಅಗಲ 0.85 ಮಿ.ಮೀ. ಒಂದು ಗಿಡ್ಡ ಗೆರೆ, ಒಂದು ಉದ್ದ ಗೆರೆ ಕೊರೆದು, ಎರಡರ ನಷ್ಟವನ್ನು ಕಳೆದರೆ ಕನೆಕ್ಟರ್‌ಗಳ ಪಾಲು ಹೊರಟುಹೋಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಲೆಕ್ಕದ ಪ್ರಕಾರ ಪಾಲಿಮರ್‌ನ ಪಾಲು ಸೆಂಟಿಮೀಟರ್‌ಗೆ 0.01 ಡೆಸಿಬಲ್, ತಾಮ್ರದ್ದು 0.04ರ ಹತ್ತಿರ. ಎಫ್ಆರ್-4 ಮೇಲೆ ಇದೇ ಲೆಕ್ಕ ತಿರುಗುಮುರುಗು: ಅಲ್ಲಿ ಪಾಲಿಮರ್‌ನದು 0.16. ತಾಮ್ರದ ನಷ್ಟ ಆವರ್ತನದ ವರ್ಗಮೂಲದಂತೆ ಏರಿದರೆ ಪಾಲಿಮರ್‌ನ ನಷ್ಟ ಆವರ್ತನದಂತೆಯೇ ಏರುವುದರಿಂದ, ಹತ್ತಾರು ಗಿಗಾಹರ್ಟ್ಸ್‌ಗೆ ಹೋದಾಗ ಎರಡೂ ಮತ್ತೆ ಸಮೀಪಿಸುತ್ತವೆ. ಅಂದರೆ 0.0016ರಲ್ಲಿ ನಿಲ್ಲುವುದು 5 ಗಿಗಾಹರ್ಟ್ಸ್‌ಗೆ ಸಾಕು, 56ಕ್ಕೋ 77ಕ್ಕೋ ಸಾಲದು.

ಉಳಿದದ್ದು ನೀರಿನ ಪರೀಕ್ಷೆ ಮತ್ತು ಹಿಗ್ಗುವಿಕೆ. ಕಂಬಿಗಳನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರೆಸಿ ಅಳೆದಾಗ ಎರಡನೇ ಬೆರಕೆಯ ನಷ್ಟಾಂಕ 0.002ರ ಒಳಗೇ ಇತ್ತು. ಪಕ್ಕದಲ್ಲಿಟ್ಟಿದ್ದ ಪಾಲಿಇಮೈಡ್ ಪಟ್ಟಿ ಶೇಕಡಾ ಒಂದಕ್ಕಿಂತ ಹೆಚ್ಚು ನೀರು ಕುಡಿದು ಕ್ಯೂ ಅಂಕಿಯನ್ನು ಪಾತಾಳಕ್ಕಿಳಿಸಿತು. ಹಿಗ್ಗುವಿಕೆಗೆ ಸಿಲಿಕಾ ಪುಡಿಯೇ ಮದ್ದು. ಕರಗಿಸಿ ತಯಾರಿಸಿದ ಸಿಲಿಕಾದ ಸ್ಥಿರಾಂಕ 3.8, ಆದರೆ ನಷ್ಟ ಅತ್ಯಲ್ಪ, ಹಿಗ್ಗುವುದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಭಾಗ. ಅದನ್ನು ಸೇರಿಸಿದಷ್ಟೂ ಸ್ಥಿರಾಂಕ ಏರುತ್ತದೆ, ಹಾಳೆ ತಾಮ್ರದ ಜೊತೆ ಹೊಂದಿಕೊಳ್ಳುತ್ತದೆ. ಸ್ಥಿರಾಂಕ ಸ್ವಲ್ಪ ಏರಿದರೆ ಏರಲಿ, ನಷ್ಟ ಏರಬಾರದು ಎಂಬುದು ನನ್ನ ನಿಲುವು. ವಿನೈಲ್ ಸಿಲೇನ್ ಲೇಪಿಸಿ ಒಣಗಿಸಿದ ಸಿಲಿಕಾ ಬೆರೆತ ಪಟ್ಟಿಗಳು ಈಗ ನಿರ್ವಾತದ ಒಲೆಯಲ್ಲಿವೆ. ತೂಕ ನಿಂತ ಕೂಡಲೇ ಕುಹರಕ್ಕೆ ಇಳಿಸುತ್ತೇನೆ.